ಗುಂಡಿಯಿಲ್ಲದ ಅಂಗಿ

ಆ ಹತ್ತು ದಿನ ನಾನು ಊಟಕ್ಕೆ ಐದು ತಟ್ಟೆ ಇಡುತ್ತಿದ್ದೆ, ನಾಲ್ಕು ತೊಳೆಯುತ್ತಿದ್ದೆ. ಐದನೆಯದು ಮಗನದು. ಅದು ಇಟ್ಟಲ್ಲೇ ಇರುತ್ತಿತ್ತು. ಸುಮ್ಮನೆ ಯಾಕೆ ಇಡುತ್ತೀಯ ಎಂದು ಅತ್ತೆಯೂ ಕೇಳಲಿಲ್ಲ, ಇಡುವುದನ್ನು ನಾನೂ ಬಿಡಲಿಲ್ಲ.

ನಮ್ಮದು ದರ್ಜಿಗಳ ಮನೆ. ಬೀದಿಗೆ ಮುಖ ಮಾಡಿದ ಕೋಣೆಯೇ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆಗಳು. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಮಿಷನ್ ತುಳಿಯುವುದು ಇವರ, ಅಂದರೆ ನನ್ನ ಗಂಡನ ಕೆಲಸ. ಗುಂಡಿ ತೂರುವ ಕಾಜ ಹೊಲಿಯುವುದು, ಅಂಚು ಮಡಿಸುವುದು, ಗುಂಡಿ ಹಾಕುವುದು ನನ್ನ ಪಾಲು; ಒಲೆಯ ಮೇಲೆ ಏನಾದರೂ ಬೇಯುವಷ್ಟು ಹೊತ್ತಿನಲ್ಲಿ ಎರಡು ಕಾಜ ಮುಗಿಯುತ್ತವೆ. ಕಾಲರ್ ಮಾತ್ರ ಅತ್ತೆಯದು. ಇವರಿಗೆ ಸೂಜಿ ಹಿಡಿಯಲು ಕಲಿಸಿದವರೇ ಅವರು. ಈಗ ಅವರ ಕಣ್ಣು ಮಂದ. ಆದರೂ ಕಾಲರಿನ ಎರಡು ತುದಿಗಳನ್ನು ಬೆರಳಲ್ಲಿ ಹಿಡಿದರೆ ಸಾಕು, ಒಂದು ಇನ್ನೊಂದಕ್ಕಿಂತ ನೂಲೆಳೆಯಷ್ಟು ಉದ್ದವಿದ್ದರೂ "ಬಿಚ್ಚು" ಅನ್ನುತ್ತಾರೆ. ಮಗ ಆಂಬುಲೆನ್ಸ್ ಓಡಿಸುತ್ತಾನೆ. ಮಗಳು ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಾಳೆ.

ಫೋನಿನಲ್ಲಿ ಅಂಗಡಿಯ ಹೆಸರಿನ ಪುಟ ಮಾಡಿದವಳು ಮಗಳೇ. ಪ್ರತಿ ಶನಿವಾರ ಅದರಲ್ಲಿ ಅಜ್ಜಿಯ ಕೈಗಳ ಫೋಟೋ ಹಾಕುತ್ತಿದ್ದಳು. ಸೂಜಿ ಹಿಡಿದ ಕೈ, ಬರೀ ಕೈ, ಮುಖ ಇಲ್ಲ. ಕೆಳಗೆ ಆ ಬೆಳಿಗ್ಗೆ ಅಜ್ಜಿ ಆಡಿದ ಯಾವುದಾದರೂ ಒಂದು ಮಾತು. "ದಾರ ಗಂಟಾದರೆ ಎಳೀಬೇಡ, ಅದು ಇನ್ನೂ ಮುನಿಸಿಕೊಳ್ಳುತ್ತೆ." ಇಂಥವು. ಜನಕ್ಕೆ ಅದು ಹಿಡಿಸಿತ್ತು. ದೂರದ ಹೋಟೆಲಿನ ಸಮವಸ್ತ್ರದ ಕೆಲಸ ನಮಗೆ ಬಂದದ್ದೂ ಆ ಪುಟದಿಂದಲೇ.

ಅತ್ತೆಯದು ಒಂದೇ ಕಟ್ಟಳೆ ಇತ್ತು. ಫೋಟೋ ತೆಗೆಯುವಾಗ ಕೈಯಲ್ಲಿ ಚಿಂದಿ ಬಟ್ಟೆಯೇ ಇರಬೇಕು. ಗಿರಾಕಿಯ ಬಟ್ಟೆಯನ್ನು ನಾವು ಮೈಗೆ ಹಿಡಿದು ನೋಡುವ ಹಾಗಿಲ್ಲ, ಅವರನ್ನು ಕೇಳದೆ ಇನ್ನೊಬ್ಬರಿಗೆ ತೋರಿಸುವ ಹಾಗೂ ಇಲ್ಲ. ಅವರ ಕಾಲದಿಂದ ಅಂಗಡಿಯಲ್ಲಿ ನಡೆದು ಬಂದದ್ದು ಹಾಗೆ.

ಗುರುವಾರ ಮಧ್ಯಾಹ್ನ ದೊಡ್ಡ ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. ಟೇಬಲ್ ಮೇಲಿನ ಗುಂಡುಪಿನ್ನಿನ ಬಟ್ಟಲು ಸಣ್ಣಗೆ ನಡುಗಿದ್ದು ನನಗೆ ನೆನಪಿದೆ. "ಯಾವುದೋ ಲಾರಿ" ಅಂದರು ಇವರು. ಆಮೇಲೆ ಒಂದರ ಹಿಂದೆ ಒಂದು ಸೈರನ್ ಕೂಗಿದವು. ಅವುಗಳಲ್ಲಿ ಒಂದು ನನ್ನ ಮಗನದು.

ಅವನು ಮನೆಗೆ ಬಂದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಬಟ್ಟೆ ಒಗೆಯಲು ಹಾಕು ಎಂದೆ.

"ನಾನೇ ಒಗೀತೀನಮ್ಮ."

"ನೀನ್ಯಾವಾಗ ಬಟ್ಟೆ ಒಗೆದಿದ್ದೀಯೋ?"

"ಇವತ್ತು ಒಗೀತೀನಿ."

ಬಚ್ಚಲಿನಲ್ಲಿ ಒಂದು ಗಂಟೆ ನೀರು ಬಿಟ್ಟುಕೊಂಡಿದ್ದ. ಹೊರಗೆ ಬಂದಾಗ ಬೇಯಿಸಿದ ಮೊಟ್ಟೆ, ಬ್ರೆಡ್ಡು ಮುಂದಿಟ್ಟೆ. ನೋಡಿದ, ಎದ್ದು ಮೇಲೆ ಹೋದ. ಮಗಳು ಹೇಳಿದಳು, "ಅವನನ್ನ ಈಗ ಮಾತಾಡಿಸಬೇಡಮ್ಮ." ನಾನು ಮಾತಾಡಿಸಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಕಿಟಕಿಯ ಹತ್ತಿರ ಕೂತು ಗುಂಡಿ ಚಿಕ್ಕಪ್ಪನ ಅಂಗಿಯ ಕಾಲರ್ ಕೂಡಿಸುತ್ತಿದ್ದರು. ಗುಂಡಿ ಚಿಕ್ಕಪ್ಪ ಅಂದರೆ ನಮಗೆ ಗುಂಡಿ, ದಾರ, ಜಿಪ್ಪು ತಂದು ಕೊಡುವವರು. ಇಪ್ಪತ್ತು ವರ್ಷದಿಂದ ಶನಿವಾರ ತಪ್ಪಿದರೆ ಭಾನುವಾರ ಬಂದೇ ಬರುತ್ತಿದ್ದರು. ಮಕ್ಕಳು ಇಟ್ಟ ಹೆಸರು ನಮ್ಮ ಬಾಯಿಗೂ ಬಂದಿತ್ತು. ಆ ಅಂಗಿಯ ಬಟ್ಟೆ ಬಿಳಿ, ಅದರ ಮೇಲೆ ತೆಳ್ಳಗಿನ ನೀಲಿ ಗೆರೆ. ಅವರ ಹೆಂಡತಿ ಆರಿಸಿದ್ದು. ಮಂಗಳವಾರ ಕೊಟ್ಟು ಹೋಗುವಾಗ ಹೇಳಿದ್ದರು:

"ಕಾಜ ಮಾಡಿಡಿ ಅತ್ತಿಗೆ, ಗುಂಡಿ ಮಾತ್ರ ಮುಟ್ಟಬೇಡಿ. ನನ್ನ ಅಂಗಿಗೆ ನಿಮ್ಮ ಡಬ್ಬದ ಗುಂಡಿ ಹಾಕಿದ್ರೆ ನನ್ನ ಮರ್ಯಾದೆ ಏನಾಗಬೇಕು? ನಾಳೆ ಮಾಲು ತರೋಕೆ ಹೋಗ್ತಿದ್ದೀನಿ. ಭಾನುವಾರ ಬರುವಾಗ ನಾನೇ ತರ್ತೀನಿ."

ಬುಧವಾರ ಹೊರಡಬೇಕಾದವರು ಗುರುವಾರ ಹೊರಟಿದ್ದರೆಂಬುದು ನಮಗೆ ಗೊತ್ತಿರಲಿಲ್ಲ.

ಮಗಳು ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಳು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಫೋನು. ಅತ್ತೆ ಕೇಳಿದರು, "ಅದೇನೇ ಅಷ್ಟು ಹೊತ್ತಿಂದ ನೋಡ್ತಿದ್ದೀಯ?"

"ಬಾಂಬ್ ಇಟ್ಟು ತಾನೂ ಸತ್ತನಲ್ಲ ಅಜ್ಜಿ, ಅವನ ತಾಯಿ. ಪೊಲೀಸರು ಕರ್ಕೊಂಡು ಹೋಗ್ತಿದ್ದಾರೆ."

ಅತ್ತೆ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಒಂದು ಕಾಲಲ್ಲಿ ಚಪ್ಪಲಿ ಇಲ್ಲ."

"ಅಯ್ಯೋ ಹೌದು. ನಾನು ನೋಡೇ ಇರಲಿಲ್ಲ."

"ಇನ್ನೊಂದನ್ನ ಹಾಕ್ಕೊಳ್ಳೋ ತನಕ ನಿಲ್ಲಲಿಲ್ಲ ಅನ್ನಿಸುತ್ತೆ. ಅವಳೇನು ಹೇಳಿಕೊಟ್ಟು ಕಳಿಸಿದ್ಲಾ? ಪಾಪದ್ದು. ಇವತ್ತು ಅವಳ ಮನೇಲಿ ಒಲೆ ಹಚ್ಚೋರು ಯಾರು?"

ಮಗಳು ಬಾಚಣಿಗೆ ಕೆಳಗಿಟ್ಟಳು. ಅತ್ತೆಯ ಕೈಗಳ ಫೋಟೋ ತೆಗೆದಳು, ನಿಂತಲ್ಲೇ ಆ ಮಾತನ್ನು ಬರೆದಳು. ಚಿಂದಿ ಬಟ್ಟೆ ಹುಡುಕುವಷ್ಟು ಪುರುಸೊತ್ತು ಇರಲಿಲ್ಲ. ನನಗೆ ತೋರಿಸಿದಳು. ನಾನು ಚಹಾ ಸೋಸುತ್ತಿದ್ದೆ. "ಚೆನ್ನಾಗಿದೆ" ಅಂದೆ. ಅಂದದ್ದು ಹೌದು.

ಸಂಜೆ ದೀಪ ಹಾಕುವ ಹೊತ್ತಿಗೆ ಮಗ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ. ಇವರು ಟೇಪನ್ನು ಕೊರಳಿಗೆ ಹಾಕಿಕೊಂಡು ಏನೋ ಗೀರುತ್ತಿದ್ದರು.

"ಅಪ್ಪ, ಪಟ್ಟಿಯಲ್ಲಿ ಗುಂಡಿ ಚಿಕ್ಕಪ್ಪ ಇದ್ದಾರೆ."

"ಯಾವ ಪಟ್ಟಿ? ಅವನು ಊರಲ್ಲಿಲ್ಲ, ಮಾಲು ತರೋಕೆ ಹೋಗಿದ್ದಾನೆ."

"ಹೋಗೋಕೆ ಅಂತಾನೇ ನಿಲ್ದಾಣಕ್ಕೆ ಬಂದಿದ್ರು. ಚಿಕ್ಕಮ್ಮ, ಅವರ ತಮ್ಮ ಎರಡು ದಿನದಿಂದ ಆಸ್ಪತ್ರೆ ಆಸ್ಪತ್ರೆ ಅಲೀತಿದ್ರಂತೆ. ಈಗ ಗುರುತು ಸಿಕ್ಕಿದೆ."

ಇವರು ಸೀಮೆಸುಣ್ಣ ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಅತ್ತೆ ಕೂತಲ್ಲಿಂದಲೇ ಕೈ ಚಾಚಿ, ಗೂಟಕ್ಕೆ ನೇತುಹಾಕಿದ್ದ ಆ ಅಂಗಿಯನ್ನು ಮುಟ್ಟಿ ನೋಡಿದರು. ಅದಕ್ಕೆ ಕಾಲರ್ ಇತ್ತು, ತೋಳಿತ್ತು, ಏಳು ಕಾಜ ಇದ್ದವು. ಫೋಟೋದ ನೆನಪು ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನೆನಪು ಮಾಡಿಕೊಟ್ಟವರು ಜನ. ಶನಿವಾರ ರಾತ್ರಿಯವರೆಗೂ ಆ ಮಾತಿನ ಕೆಳಗೆ ಕೈ ಮುಗಿದವರು, ಹೃದಯದ ಚಿತ್ರ ಹಾಕಿದವರು ಇದ್ದರು. ಮಗಳು ಕೆಲಸದಿಂದ ಬಂದವಳೇ ನನಗೆ ಓದಿ ಹೇಳಿಯೂ ಇದ್ದಳು. ಯಾರೋ ಅದನ್ನು ಇನ್ನೆಲ್ಲೋ ಒಯ್ದು ಹಾಕಿದರು. ಬೆಳಗಾಗುವಷ್ಟರಲ್ಲಿ ಮಾತಿನ ಬಣ್ಣ ಬದಲಾಗಿತ್ತು. "ಹಾಗಾದ್ರೆ ಬಾಂಬ್ ಇಟ್ಟವನ ಬಟ್ಟೇನೂ ನೀವೇ ಹೊಲಿದಿರಾ?" "ಸತ್ತವರ ಮನೆಯ ಒಲೆ ನೆನಪಾಗಲಿಲ್ವಾ ಮುದುಕಿಗೆ?" "ಈ ಅಂಗಡಿ ಯಾವ ಬೀದಿ, ಹೇಳಿ."

ಸೋಮವಾರ ಹೋಟೆಲಿನ ಮ್ಯಾನೇಜರು ಫೋನು ಮಾಡಿ, ಸಮವಸ್ತ್ರದ ವಿಚಾರ ಸದ್ಯಕ್ಕೆ ಇರಲಿ ಅಂದರು. ಮಂಗಳವಾರ ಬ್ಯಾಂಕಿನ ಗುಮಾಸ್ತರು ತಾವೇ ಬಂದರು.

"ನನ್ನ ಪ್ಯಾಂಟು ಕೊಟ್ಟುಬಿಡಿ."

"ಒಂದು ಕಾಲು ಆಗಿದೆ ಸಾರ್, ಇನ್ನೊಂದು ಕಾಲು ನಾಳೆ..."

"ಆದಷ್ಟು ಕೊಡಿ."

"ಒಂದೇ ಕಾಲಿನ ಪ್ಯಾಂಟು ತಗೊಂಡು ಏನು ಮಾಡ್ತೀರಿ ಸಾರ್?"

"ಅದು ನನ್ನ ಪಾಡು."

ಇವರು ಮಡಿಸಿ, ಕಾಗದ ಸುತ್ತಿ ಕೊಟ್ಟರು. ಗುಮಾಸ್ತರು ಅದನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯ ಆಚೆ ಬದಿಗೆ ದಾಟಿ ಹೋದರು. ಅತ್ತೆ ಹೇಳಿದರು, "ನಡ್ಕೊಂಡು ಹೋದನಾ, ಕುಂಟ್ಕೊಂಡು ಹೋದನಾ?" ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನು ಅಡುಗೆಮನೆಗೆ ಹೋಗಿ ನಕ್ಕೆ.

ಅಂದು ಮಧ್ಯಾಹ್ನ ಊಟಕ್ಕೆ ಎಲ್ಲರೂ ಇದ್ದರು. ಮಗಳನ್ನು ಡಾಕ್ಟರು ಒಂದು ವಾರ ರಜೆ ಹಾಕು ಎಂದು ಕಳಿಸಿದ್ದರು. ಮಗ ತಟ್ಟೆಯ ಮುಂದೆ ಕೂತಿದ್ದ, ಅಷ್ಟೇ. ಇವರು ಬಟಾಣಿಯನ್ನು ಅನ್ನಕ್ಕೆ ಕಲಸುತ್ತಾ ಹೇಳಿದರು, "ಅದನ್ನ ಅಳಿಸಿಬಿಡು."

ಮಗಳು ಕೇಳಿದಳು, "ಯಾಕೆ? ನಾನೇನು ಸುಳ್ಳು ಬರೆದೆನಾ?"

"ಸುಳ್ಳೋ ನಿಜವೋ, ಅಂಗಡಿ ಹೆಸರಲ್ಲಿ ಬರೆದಿದ್ದೀಯ."

"ಎಲ್ಲರೂ ಮೇಣದಬತ್ತಿ ಚಿತ್ರ ಹಾಕಿದ್ರು. ಎಲ್ಲರದ್ದೂ ಒಂದೇ ಮೇಣದಬತ್ತಿ ಅಪ್ಪ, ಒಬ್ಬರಿಂದ ಒಬ್ಬರು ತಗೊಂಡು ಹಾಕಿದ್ದು. ನಾನು ಒಬ್ಬ ಹೆಂಗಸಿನ ಬಗ್ಗೆ ಬರೆದೆ. ಅದು ತಪ್ಪಾ?"

ಮಗ ಆಗ ಬಾಯಿ ಬಿಟ್ಟ. "ನೀನು ಎಷ್ಟು ಚಪ್ಪಲಿ ನೋಡಿದೆ?"

"ಏನು?"

"ಒಂದು ಕಾಲಲ್ಲಿ ಚಪ್ಪಲಿ ಇಲ್ಲ ಅಂತ ನಿನಗೆ ಕರುಳು ಕಿವುಚಿ ಬಂತಲ್ಲ. ಅದೂ ಫೋನಲ್ಲಿ ನೋಡಿ. ನಾನು ಎಷ್ಟು ನೋಡಿದೆ ಗೊತ್ತಾ? ನಿಲ್ದಾಣದ ತುಂಬ. ಚಿಕ್ಕದು, ದೊಡ್ಡದು, ಜೋಡಿ ಇಲ್ಲದ್ದು. ಅದರ ಮೇಲೇ ಕಾಲಿಟ್ಕೊಂಡು ಸ್ಟ್ರೆಚರ್ ತಂದ್ವಿ."

"ಅಣ್ಣ, ನಾನು ಅವರ ಬಗ್ಗೆ..."

"ಅವರ ಬಗ್ಗೆ ಬರೀಲಿಲ್ಲ ನೀನು."

ಅತ್ತೆ ತಟ್ಟೆಯ ಅಂಚಿಗೆ ಚಮಚ ಒರಗಿಸಿದರು. "ಅವಳನ್ನ ಯಾಕೋ ತಿಂತೀಯ? ಅನ್ನ ತಿನ್ನು. ಮಾತು ಆಡಿದ್ದು ನಾನು."

"ನೀನು ಸುಮ್ನಿರಜ್ಜಿ."

"ಎಂಬತ್ತು ವರ್ಷ ಸುಮ್ನೆ ಇದ್ದೆನಾ, ಈಗ ಇರೋಕೆ? ಆಡಿದ್ದೀನಿ. ಹೆತ್ತವಳ ಹೊಟ್ಟೆ ಅಂದ್ರೆ ಏನು ಅಂತ ನನಗೆ ಗೊತ್ತು, ಅದಕ್ಕೆ ಆಡಿದೆ. ಯಾರೋ ಬೀದಿ ಹೆಸರು ಕೇಳಿದ ಅಂತ, ಯಾರೋ ಅರ್ಧ ಪ್ಯಾಂಟು ತಗೊಂಡು ಹೋದ ಅಂತ ಆಡಿದ್ದನ್ನ ನುಂಗಲ್ಲ."

"ಅಮ್ಮ, ಅಂಗಡಿ ಮುಚ್ಚಬೇಕಾಗುತ್ತೆ" ಅಂದರು ಇವರು.

"ಮುಚ್ಚು. ಸೂಜಿ ನನ್ನ ಹತ್ತಿರ ಇದೆ."

ಮಗ ತಟ್ಟೆ ತಳ್ಳಿ ಎದ್ದ. ಬಟಾಣಿ ನಾಲ್ಕು ಉರುಳಿ ಕೆಳಗೆ ಬಿದ್ದವು. ನಾನು ಹೆಕ್ಕಿದೆ.

ಇಷ್ಟರ ನಡುವೆ ಗುಂಡಿ ಚಿಕ್ಕಪ್ಪನ ಮನೆಗೆ ಹೋಗಬೇಕಾದವರು ನಾವೇ ಮೊದಲು. ಸೋಮವಾರವೇ ಇವರು ಹೋಗಿದ್ದರು. ಮಧ್ಯಾಹ್ನ ಹೋದವರು ಅರ್ಧ ಗಂಟೆಯಲ್ಲಿ ವಾಪಸು ಬಂದು ಮಿಷನ್ ಮುಂದೆ ಕೂತರು. ನೂಲು ಪೋಣಿಸಿದರು, ಬಟ್ಟೆ ಇಡಲಿಲ್ಲ.

"ಇಷ್ಟು ಬೇಗ ಬಂದ್ರಿ?"

"ಬಾಗಿಲಲ್ಲಿ ಆಕೆಯ ತಮ್ಮ ನಿಂತಿದ್ದ. 'ನೀವು ಬರಬೇಡಿ' ಅಂದ."

"ಅಷ್ಟೇನಾ?"

"ಮೆಟ್ಟಿಲ ಮೇಲೆ ಹತ್ತು ಜನ ಇದ್ರು. ಅವರ ಎದುರಿಗೆ ಅಂದ. ಇನ್ನೆಷ್ಟು ಬೇಕು?"

ಯಾಕೆಂದು ಇವರು ಕೇಳಿರಲಿಲ್ಲ. ಊರಿನವರೆಲ್ಲ ಬೈದ ಹಾಗೆ ಅವನೂ ಬೈದ ಎಂದುಕೊಂಡಿದ್ದೆವು.

ಗುರುವಾರ ನಾನು ಸೊಪ್ಪು ಬಿಡಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಗಳು ಮೆಟ್ಟಿಲ ಮೇಲೆ ಕೂತು ಆ ಪುಟದ ಸಾವಿರಾರು ಮಾತುಗಳನ್ನು ಬೆರಳಲ್ಲಿ ತಳ್ಳುತ್ತಾ ಹೋಗುತ್ತಿದ್ದಳು. ಅದೊಂದು ಚಟವಾಗಿತ್ತು ಅವಳಿಗೆ, ಹುಣ್ಣಿನ ಮೇಲಿನ ಹಕ್ಕಳೆ ಕೀಳುವ ಹಾಗೆ. ಬೆರಳು ನಿಂತಿತು.

"ಅಮ್ಮ."

"ಏನು?"

"ಇಲ್ಲಿ ಚಿಕ್ಕಮ್ಮ ಬರೆದಿದ್ದಾರೆ. ಭಾನುವಾರವೇ ಬರೆದಿದ್ದಾರೆ. ನಾನು ನೋಡೇ ಇಲ್ಲ."

"ಏನಂತ?"

ಅವಳು ಓದಿದಳು. "ಆ ಅಂಗಿ ನನ್ನ ಗಂಡನದು."

ಅಷ್ಟೇ ಇದ್ದದ್ದು. ಬೈಗುಳ ಇಲ್ಲ, ಏನಿಲ್ಲ. ಮಗಳು ಫೋಟೋ ದೊಡ್ಡದು ಮಾಡಿ ನನಗೆ ತೋರಿಸಿದಳು. ಅತ್ತೆಯ ಎರಡು ಕೈ, ಸೂಜಿ, ಬಿಳಿಯ ಮೇಲೆ ತೆಳ್ಳಗಿನ ನೀಲಿ ಗೆರೆ. ಅದನ್ನು ನಾನು ಎಷ್ಟು ಸಲ ನೋಡಿದ್ದೆನೋ, ಕೈಗಳನ್ನಷ್ಟೇ ನೋಡಿದ್ದೆ.

ಅತ್ತೆ ಹೇಳಿದರು, "ಇನ್ನೊಂದ್ಸಲ ಓದು."

ಅವಳು ಓದಿದಳು.

"ಅಳಿಸು."

"ಅಜ್ಜಿ, ಅಪ್ಪ ಹೇಳಿದಾಗ ಬೇಡ ಅಂದೆ. ಅಣ್ಣ ಹೇಳಿದಾಗಲೂ..."

"ಅದು ಅವಳ ಬಟ್ಟೆ ಕಣೇ. ಕೇಳದೆ ತೋರಿಸಿದ್ದೀವಿ. ಅಳಿಸು."

ಮಗಳು ಅಳಿಸಿದಳು. ಆಮೇಲೆ ಕ್ಷಮೆ ಕೇಳಿ ಒಂದು ಪತ್ರ ಬರೆದು ಪುಟದಲ್ಲಿ ಹಾಕುತ್ತೇನೆಂದು ಕೂತಳು. ಮೂರು ಸಲ ಬರೆದಳು. ಮೂರನೆಯದನ್ನು ಅಜ್ಜಿಗೆ ಓದಿ ಹೇಳಿದಳು. ಚೆನ್ನಾಗಿಯೇ ಇತ್ತು.

"ಇದನ್ನ ಯಾರು ಓದ್ತಾರೆ?" ಅತ್ತೆ ಕೇಳಿದರು.

"ಎಲ್ಲರೂ ಓದ್ತಾರೆ."

"ಎಲ್ಲರ ಅಂಗಿ ಅಲ್ಲವಲ್ಲ ಅದು. ಅವಳ ಮನೆಗೆ ಹೋಗೋಣ."

ಅತ್ತೆ ನಮ್ಮ ಬೀದಿ ದಾಟಿ ಒಂದು ವರ್ಷವಾಗಿತ್ತು. ಮಂಡಿ ಕೇಳುತ್ತಿರಲಿಲ್ಲ. ಗುಂಡಿ ಚಿಕ್ಕಪ್ಪನ ಮನೆಯೋ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇವರು ನಾನು ಬರುವುದಿಲ್ಲ ಅಂದರು. ಒಮ್ಮೆ ಹತ್ತು ಜನರ ಎದುರಿಗೆ ಅನ್ನಿಸಿಕೊಂಡದ್ದು ಸಾಕು ಅಂದರು. ಉಳಿದದ್ದು ಮಗ. ಮನುಷ್ಯರನ್ನು ಮೆಟ್ಟಿಲ ಮೇಲೆ ಹೊತ್ತು ಇಳಿಸುವುದು, ಹತ್ತಿಸುವುದು ಅವನ ಕೆಲಸ. ಅತ್ತೆ ಅವನ ಕೋಣೆಯ ಕೆಳಗೆ ನಿಂತು ಕೂಗಿದರು.

"ಲೋ, ನನ್ನ ಮೇಲೆ ಸಿಟ್ಟು ಇಟ್ಕೊಂಡೇ ಕೆಳಗೆ ಬಾ. ಸಿಟ್ಟಿಗೆ ಕೈ ಬೇಕಾಗಿಲ್ಲ. ಕೈ ನನಗೆ ಬೇಕು."

ಅವನು ಎರಡು ದಿನ ಬರಲಿಲ್ಲ. ಮೂರನೆಯ ದಿನ, ಭಾನುವಾರ, ಶೂ ಹಾಕಿಕೊಂಡು ಕೆಳಗೆ ಬಂದು, "ನಡಿ" ಅಂದ.

ನಾನು ಅಂಗಿಯನ್ನು ಇಸ್ತ್ರಿ ಮಾಡಿ, ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಮಗಳು ಚೀಲ ಹಿಡಿದಳು. ಮಹಡಿಯ ಮೆಟ್ಟಿಲಲ್ಲಿ ಅತ್ತೆ ಪ್ರತಿ ತಿರುವಿಗೂ ನಿಂತರು. ಎರಡನೆಯ ತಿರುವಿನಲ್ಲಿ ಮಗ, "ಎತ್ಕೊಂಡು ಹೋಗ್ತೀನಿ" ಅಂದ.

"ಕಾಲಿದೆಯಲ್ಲ."

"ಅಜ್ಜಿ, ಸುಮ್ನೆ ಹಟ ಮಾಡಬೇಡ."

"ಎತ್ಕೊಂಡು ಬಂದವಳು ಏನು ಮಾತಾಡಿದ್ರೂ ಲೆಕ್ಕಕ್ಕಿಲ್ಲ. ನಡೆದೇ ಹೋಗಬೇಕು."

ಬಾಗಿಲು ತೆರೆದವನು ಆ ತಮ್ಮನೇ. ನಮ್ಮನ್ನು ನೋಡಿ ಬಾಗಿಲಿಗೆ ಕೈ ಅಡ್ಡ ಇಟ್ಟ. "ಒಂದ್ಸಲ ಹೇಳಿದ್ದು ಸಾಕಾಗಲಿಲ್ವಾ?" ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಯಾರೋ ಅದು?" ಅವನು ಹೇಳಿದ. ಮತ್ತೆ ಒಳಗಿನಿಂದ ಅದೇ ದನಿ. "ಅಮ್ಮನನ್ನ ನಿಲ್ಲಿಸಬೇಡ, ಅವರ ಮಂಡಿ ಸರಿಯಿಲ್ಲ. ಒಳಗೆ ಬಿಡು."

ಗೋಡೆಯುದ್ದಕ್ಕೂ ಗುಂಡಿಯ ಪೆಟ್ಟಿಗೆಗಳು. ಒಂದೊಂದರ ಮುಖಕ್ಕೂ ಒಳಗಿರುವ ಗುಂಡಿಯನ್ನೇ ಒಂದು ದಾರದಲ್ಲಿ ಕಟ್ಟಿದ್ದರು. ಚಿಕ್ಕಮ್ಮ ಅವುಗಳ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಅತ್ತೆಗೆ ಇನ್ನೊಂದು ಕುರ್ಚಿ ತೋರಿಸಿದರು. ನಾವು ಮೂವರೂ ನಿಂತೆವು.

"ಬಟ್ಟೆ ಆರಿಸಿದ್ದು ನಾನು" ಅಂದರು ಚಿಕ್ಕಮ್ಮ. "ಆಸ್ಪತ್ರೆಯಲ್ಲಿ ಕಾಗದಕ್ಕೆ ಸಹಿ ಹಾಕಿ ಬಂದು ಕೂತಿದ್ದೆ. ಯಾರೋ ಫೋನು ಕೊಟ್ಟು, 'ನಿಮ್ಮ ದರ್ಜಿ ಏನು ಬರೆದಿದ್ದಾರೆ ನೋಡಿ' ಅಂದ್ರು. ಗೆರೆ ನೋಡಿದ ಕೂಡಲೇ ಗೊತ್ತಾಯ್ತು."

"ತಪ್ಪಾಯ್ತು ತಾಯಿ" ಅಂದರು ಅತ್ತೆ. "ಬಟ್ಟೆ ನಿಂದು. ಕೇಳಬೇಕಿತ್ತು, ಕೇಳಲಿಲ್ಲ."

ಮಗಳು, "ನಾನು ಚಿಕ್ಕಮ್ಮ, ಅಜ್ಜಿ ಅಲ್ಲ, ಫೋಟೋ ತೆಗೆದಿದ್ದು ನಾನು. ಆಗ ಚಿಕ್ಕಪ್ಪ ಅಂತ ಗೊತ್ತಿರಲಿಲ್ಲ" ಎಂದು ಒಂದೇ ಉಸಿರಿಗೆ ಹೇಳಿದಳು. ಚಿಕ್ಕಮ್ಮ ಅವಳತ್ತ ನೋಡಲಿಲ್ಲ.

"ಬಟ್ಟೆ ಸರಿ. ಮಾತು?"

ಅತ್ತೆ ಸೆರಗಿನ ತುದಿಯನ್ನು ಬೆರಳಿನಲ್ಲಿ ಮಡಿಸಿದರು, ಬಿಡಿಸಿದರು. "ಮಾತು ನಂದು. ನಿನ್ನ ಮುಂದೆ ಇನ್ನೊಂದು ಸಲ ಆಡಲ್ಲ. ಆದ್ರೆ ಆಡಲೇ ಇಲ್ಲ ಅಂತ ನಿನ್ನ ಹತ್ತಿರ ಸುಳ್ಳೂ ಹೇಳಲ್ಲ."

ತಮ್ಮ ಬಾಗಿಲಲ್ಲೇ ಇದ್ದ. "ನೋಡಿದ್ಯಾ ಅಕ್ಕ? ಈಗಲೂ!"

"ನೀನು ಸುಮ್ನಿರು." ಚಿಕ್ಕಮ್ಮ ಅತ್ತೆಯ ಕಡೆಗೇ ನೋಡುತ್ತಿದ್ದರು. "ಆ ಹೆಂಗಸಿನ ಸುದ್ದಿ ನನಗೆ ಬೇಡಮ್ಮ."

"ಬೇಡ."

"ಮುಂದೆ ಯಾವತ್ತಾದರೂ ಬೇಕಾಗುತ್ತೆ ಅಂತಲೂ ಅನ್ನಬೇಡಿ."

"ಅನ್ನಲ್ಲ."

ಆಮೇಲೆ ಅವರು ನನ್ನ ಮಗನ ಕಡೆಗೆ ತಿರುಗಿದರು. "ನೀನು ಅವತ್ತು ನಿಲ್ದಾಣದಲ್ಲಿ ಇದ್ದೆಯಂತೆ."

"ಇದ್ದೆ."

"ಇವರನ್ನ ನೋಡಿದ್ಯಾ?"

ಮಗ ಗುಂಡಿಯ ಪೆಟ್ಟಿಗೆಗಳನ್ನು ನೋಡುತ್ತಾ ನಿಂತಿದ್ದ. "ನನ್ನ ಗಾಡಿಯಲ್ಲೇ ಕರ್ಕೊಂಡು ಹೋದೆ ಚಿಕ್ಕಮ್ಮ. ನನಗೆ ಗುರುತು ಸಿಗಲಿಲ್ಲ. ಶನಿವಾರ ಪಟ್ಟಿಯಲ್ಲಿ ಗಾಡಿ ನಂಬರ್ ನೋಡಿದಾಗಲೇ ಗೊತ್ತಾಗಿದ್ದು."

ಇದು ನಮಗೂ ಗೊತ್ತಿರಲಿಲ್ಲ. ಅತ್ತೆ ಅವನ ಅಂಗಿಯ ತುದಿ ಹಿಡಿದುಕೊಂಡರು. ಅವನು ಬಿಡಿಸಿಕೊಳ್ಳಲಿಲ್ಲ.

"ಏನಾದ್ರೂ ಅಂದ್ರಾ?"

"ಇಲ್ಲ. ಎಚ್ಚರ ಇರಲಿಲ್ಲ."

"ನೋವು?"

"ಗೊತ್ತಾಗ್ತಿರಲಿಲ್ಲ ಅನ್ಸುತ್ತೆ."

"ಹಿಂದೆ ಒಬ್ಬರೇ ಇದ್ರಾ?"

"ಇಲ್ಲ. ನರ್ಸ್ ಇದ್ರು. ಕೈ ಹಿಡ್ಕೊಂಡಿದ್ರು. ನಾನು ಕನ್ನಡಿಯಲ್ಲಿ ನೋಡಿದೆ."

ಚಿಕ್ಕಮ್ಮ ತಲೆಯಾಡಿಸಿದರು. ಬಹಳ ಹೊತ್ತು ಆಡಿಸುತ್ತಲೇ ಇದ್ದರು. ತಮ್ಮ ಒಳಗೆ ಹೋಗಿ ನೀರು ತಂದು ಮೊದಲು ನನ್ನ ಮಗನಿಗೆ ಕೊಟ್ಟ. ಹೊರಡುವಾಗ ಮಗಳು ಚೀಲದಿಂದ ಗಂಟು ತೆಗೆದಳು. ಚಿಕ್ಕಮ್ಮ ಕೈ ಚಾಚಲಿಲ್ಲ.

"ಗುಂಡಿ ಇಲ್ಲದೆ ಅದನ್ನ ಏನು ಮಾಡಲಿ? ನಿಮ್ಮಲ್ಲೇ ಇರಲಿ."

ನಾವು ತಂದ ಹಾಗೇ ವಾಪಸು ತಂದೆವು. ಅಂದು ಮಗ ತಟ್ಟೆ ಪೂರ್ತಿ ಖಾಲಿ ಮಾಡಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಆಲೂಗಡ್ಡೆ ತಿಂದ. ನಾನು ಐದು ತಟ್ಟೆ ತೊಳೆದೆ.

ಮುಂದಿನ ವಾರಗಳಲ್ಲಿ ಜನ ಬೇರೆ ಯಾರನ್ನೋ ಬೈಯಲು ಹೋದರು. ಹೋಟೆಲಿನವರು ತಿರುಗಿ ಬರಲಿಲ್ಲ. ಬ್ಯಾಂಕಿನ ಗುಮಾಸ್ತರು ಮಾತ್ರ ಒಂದು ಮಧ್ಯಾಹ್ನ ಕಾಗದದ ಪೊಟ್ಟಣ ಹಿಡಿದು ಬಂದು, ಇನ್ನೊಂದು ದರ್ಜಿಗೆ ಇವರ ಕಟಿಂಗ್ ಅರ್ಥವಾಗುತ್ತಿಲ್ಲವೆಂದು ಗೋಡೆ ನೋಡಿಕೊಂಡು ಹೇಳಿದರು. ಇವರು ಎರಡನೆಯ ಕಾಲು ಹೊಲಿದು ಕೊಟ್ಟರು. ಮಗಳು ಕೆಲಸಕ್ಕೆ ಮರಳಿದಳು. ಶನಿವಾರ ಬಂದಾಗ ಫೋನು ಹಿಡಿದು ಅಜ್ಜಿಯ ಮುಂದೆ ನಿಲ್ಲುವುದನ್ನು ಬಿಟ್ಟಳು. ಅತ್ತೆಯೇ ಒಮ್ಮೆ ಕೇಳಿದರು, "ಏನೇ, ನನ್ನ ಕೈಗೆ ವಯಸ್ಸಾಯ್ತಾ?" ಅವಳು, "ಸ್ವಲ್ಪ ದಿನ ಬೇಡಜ್ಜಿ" ಅಂದಳು.

ಶನಿವಾರ ಗುಂಡಿ ತರುವವರಿರಲಿಲ್ಲ. ಇವರು ಪೇಟೆಯಿಂದ ಯಾವುದೋ ಪೊಟ್ಟಣ ತಂದಿದ್ದರು. ಅದರ ಗುಂಡಿಗಳ ಅಂಚು ದಾರ ಕತ್ತರಿಸುತ್ತಿತ್ತು. ನಾನು ಬೈದುಕೊಂಡು ಹಾಕುತ್ತಿದ್ದೆ.

ಐದನೆಯ ಶನಿವಾರ ಚಿಕ್ಕಮ್ಮ ಬಂದರು. ಗಂಡನ ಅದೇ ಕಂದು ಚೀಲ ಹೆಗಲಲ್ಲಿ. ಹಿಂದೆ ತಮ್ಮ. ಚೀಲವನ್ನು ಟೇಬಲ್ ಮೇಲಿಟ್ಟು, "ಅಂಗಿ ಗುಂಡಿ ಹತ್ತು ಗ್ರೋಸು, ಬಿಳಿ ದಾರ, ಕಪ್ಪು ದಾರ. ಅವರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಹೀಗೇ ಬರೆದಿತ್ತು. ಸರೀನಾ ನೋಡಿ" ಅಂದರು. ಇವರು ನೋಡದೆಯೇ, "ಸರಿ ಇದೆ" ಅಂದರು.

"ಆ ಅಂಗಿ ಇದೆಯಾ?"

ಗೂಟದಿಂದ ತೆಗೆದುಕೊಟ್ಟೆ. ಅವರು ಅದನ್ನು ತಮ್ಮನ ಬೆನ್ನಿಗೆ ಹಿಡಿದು ನೋಡಿದರು. "ಇವನು ಹಾಕ್ಕೊಳ್ತಾನೆ. ತೋಳು ಒಂದಿಷ್ಟು ಉದ್ದ ಆಗುತ್ತೇನೋ."

ಇವರು ಕೊರಳಿನ ಟೇಪು ತೆಗೆದರು. ತಮ್ಮ ಎರಡು ಕೈಯನ್ನೂ ಚಾಚಿ ನಿಂತ. ಮೆಟ್ಟಿಲ ಮೇಲೆ ಹತ್ತು ಜನರ ಎದುರಿಗೆ ಇವರನ್ನು ತಡೆದ ಕೈಗಳು. ಇವರು ಹೆಗಲಿನಿಂದ ಮಣಿಕಟ್ಟಿನವರೆಗೆ ಅಳೆದರು.

"ಉಸಿರು ಬಿಡಿ. ತೋಳು ಅಳೀತಿರೋದು, ಎದೆ ಅಲ್ಲ."

ತಮ್ಮ ಉಸಿರು ಬಿಟ್ಟ.

ಚಿಕ್ಕಮ್ಮ ಅತ್ತೆಯ ಎದುರಿಗೆ ಕೂತು ಎರಡು ಸಣ್ಣ ಪೊಟ್ಟಣ ಬಿಚ್ಚಿದರು. "ಅವರು ಯಾವುದು ತರಬೇಕು ಅಂತಿದ್ರೋ ನನಗೆ ಗೊತ್ತಿಲ್ಲ. ಎರಡು ಬಗೆ ತಂದಿದ್ದೀನಿ."

ಅತ್ತೆ ಒಂದೊಂದನ್ನೂ ಹೆಬ್ಬೆರಳಿನಲ್ಲಿ ತಿರುಗಿಸಿ ನೋಡಿದರು. ಎರಡನೆಯ ಪೊಟ್ಟಣದ ಗುಂಡಿ ತೆಳ್ಳಗೆ, ಅಂಚು ನುಣುಪು. "ಇದು. ಆ ಇನ್ನೊಂದನ್ನ ಅವನು ನಮಗೆ ಮಾರ್ತಿದ್ದ. ತಾನು ಹಾಕ್ಕೊಳ್ತಿರಲಿಲ್ಲ."

ಚಿಕ್ಕಮ್ಮನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಅತ್ತೆ ಕುತ್ತಿಗೆಯ ಗುಂಡಿಯಿಂದ ಶುರು ಮಾಡಿದರು. ಚಿಕ್ಕಮ್ಮ ಒಂದೊಂದೇ ಗುಂಡಿಯನ್ನು ಅಂಗೈಯಲ್ಲಿಟ್ಟು ಕೊಡುತ್ತ ಹೋದರು. ಒಂದು, ಎರಡು, ಮೂರು. ಅಡುಗೆಮನೆಯಲ್ಲಿ ಅನ್ನ ಕುದಿಯುತ್ತಿತ್ತು. ನಾನು ಎದ್ದು ಒಲೆ ಸಣ್ಣ ಮಾಡಿ ಬಂದೆ.

ನಾಲ್ಕನೆಯ ಗುಂಡಿ ಕೊಡುವಾಗ ಚಿಕ್ಕಮ್ಮನ ಕೈ ನಿಂತಿತು.

"ಅಮ್ಮ, ಆ ಹೆಂಗಸಿನ ಮನೇಲಿ ಒಲೆ ಹಚ್ಚೋರು ಯಾರು ಅಂತ ಕೇಳಿದ್ರಲ್ಲ. ನಮ್ಮನೇಲಿ ಯಾರು ಹಚ್ಚಿದ್ರು ಅಂತ ಇವತ್ತಿನವರೆಗೂ ಒಬ್ಬರೂ ಕೇಳಲಿಲ್ಲ."

ಇವರ ಟೇಪು ಹಾಗೇ ಕೈಯಲ್ಲಿ ಉಳಿಯಿತು. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ಎತ್ತಿದರು.

"ಯಾರು ಹಚ್ಚಿದ್ರು ಮಗಳೇ?"

"ಇವನೇ, ನನ್ನ ತಮ್ಮ. ಇವನಿಗೆ ಎಲ್ಲಿ ಬರುತ್ತೆ ಅಡುಗೆ? ಅನ್ನ ಸೀದು ಹೋಗಿತ್ತು."

"ತಿಂದ್ಯಾ?"

"ತಿಂದೆ."

ಅತ್ತೆ ಅಂಗೈ ಚಾಚಿದರು. ಚಿಕ್ಕಮ್ಮ ನಾಲ್ಕನೆಯ ಗುಂಡಿ ಇಟ್ಟರು. ನಾನು ಒಳಗೆ ಹೋಗಿ ಇನ್ನೆರಡು ತಟ್ಟೆ ತೆಗೆದೆ.